ಐದು ಅಂಟಿನ ಟ್ಯೂಬು

ಒಂದು ಭಾನುವಾರ ಗೋಡೆ ಗಡಿಯಾರ ನಿಂತು ಹೋಗಿತ್ತು. ಸೆಲ್ ಹುಡುಕೋಣ ಅಂತ ಕಪಾಟು ತೆಗೆದೆ. ಸಿಕ್ಕಿದ್ದು ಐದು ಅಂಟಿನ ಟ್ಯೂಬು. ಮೂರರ ಮುಚ್ಚಳ ಕೂಡ ತೆಗೆದಿರಲಿಲ್ಲ, ಒಂದು ಒಳಗೇ ಒಣಗಿ ಕಲ್ಲಾಗಿತ್ತು. ಅದರ ಹಿಂದೆ ಎರಡು ಅಳತೆ ಟೇಪು, ಮೂರು ಕತ್ತರಿ, ಒಂದೇ ಅಳತೆಯ ಸ್ಕ್ರೂಗಳ ಎರಡು ಪೊಟ್ಟಣ. ಎಲ್ಲಕ್ಕಿಂತ ಹಿಂದೆ, ನಾನು ಹುಡುಕುತ್ತಿದ್ದ ಸೆಲ್‌ಗಳದ್ದೇ ಒಂದು ಒಡೆಯದ ಪ್ಯಾಕೆಟ್ಟು.

ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ತುಂಬ ಹೊತ್ತು ನೋಡುತ್ತಾ ಕೂತೆ. ಇದರಲ್ಲಿ ಒಂದನ್ನೂ ನಾನು ಆಸೆಪಟ್ಟು ಕೊಂಡಿರಲಿಲ್ಲ. ಬೇಕಾದಾಗ ಕೈಗೆ ಸಿಗಲಿಲ್ಲ, ಅದಕ್ಕೆ ಇನ್ನೊಂದು ತಂದೆ. ಅದೂ ಸಿಗಲಿಲ್ಲ, ಮತ್ತೊಂದು ತಂದೆ. ಶೋಕಿಗೆ ಅಂತ ಒಂದು ಕಾಸೂ ಹೋಗಿರಲಿಲ್ಲ, ಆದರೂ ದುಡ್ಡು ಹೋಗಿತ್ತು. ನಮ್ಮ ಮನೆಯಲ್ಲಿ ಏನಿದೆ ಅಂತ ನಮಗೇ ಗೊತ್ತಿಲ್ಲದ ಕಾರಣಕ್ಕೆ ಹೋಗಿತ್ತು.

ಅಲ್ಲಿಂದ ಇಲ್ಲಿಗೆ ಕೆಲವು ವರ್ಷ ಆಯಿತು. ದುಡ್ಡು ಉಳಿಸೋದು ಅಂದರೆ ಬೇಕಾದ್ದನ್ನು ಬಿಡೋದು, ಬಾಯಿ ಕಟ್ಟೋದು ಅಂತ ಜಾಸ್ತಿ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನನಗೆ ಅನಿಸೋದು ಬೇರೆ. ಉಳಿತಾಯದ ಬಹುಪಾಲು ಕೆಲಸ ಬರೀ ನೋಡೋದು. ಕಪಾಟು ತೆಗೆದು ನೋಡೋದು, ಪ್ಯಾಕೆಟ್ ಹಿಂದೆ ತಿರುಗಿಸಿ ನೋಡೋದು, ಮೀಟರ್ ನೋಡೋದು, ಹಾಳಾದ ವಸ್ತುವನ್ನು ಎಸೆಯೋ ಮುಂಚೆ ನಿಜವಾಗಿ ಹಾಳಾಗಿದ್ದು ಯಾವ ಭಾಗ ಅಂತ ನೋಡೋದು.

ನಾನು ಮೊದಲು ಮಾಡಿದ್ದು ಅಡುಗೆಮನೆ ಗೋಡೆಗೆ ಒಂದು ಚೀಟಿ ನೇತುಹಾಕಿದ್ದು, ಪಕ್ಕದಲ್ಲಿ ದಾರ ಕಟ್ಟಿದ ಪೆನ್ಸಿಲ್ಲು. ನಿಯಮ ಒಂದೇ: ಯಾವುದೇ ಸಾಮಾನಿನ ಕೊನೆಯ ಪ್ಯಾಕೆಟ್ ಒಡೆದ ದಿನ ಅದರ ಹೆಸರು ಚೀಟಿಗೆ ಹೋಗಬೇಕು. ಮುಗಿದ ದಿನ ಬರೆದರೆ ತಡವಾಯಿತು, ಆಮೇಲೆ ಅವಸರದಲ್ಲಿ ಹತ್ತಿರದ ಅಂಗಡಿಗೆ ಓಡಿ ಸಿಕ್ಕ ಬೆಲೆಗೆ ತರಬೇಕಾಗುತ್ತದೆ. ಅವಸರದ ಖರೀದಿಯಷ್ಟು ದುಬಾರಿ ಇನ್ನೊಂದಿಲ್ಲ. ಚೀಟಿಯಲ್ಲಿ ಇಲ್ಲದ್ದು ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಅದನ್ನು ಆ ದಿನ ತರೋದಿಲ್ಲ. ಮನೆಗೆ ಬಂದು ಚೀಟಿಗೆ ಬರೆಯುತ್ತೇನೆ. ಮುಂದಿನ ಸಲಕ್ಕೂ ಬೇಕು ಅನಿಸಿದರೆ ಆಗ ತರೋದು.

ಹೊಸದನ್ನು ಹಿಂದೆ ಇಡೋದು, ಹಳೆಯದನ್ನು ಮುಂದೆ ತರೋದು. ಅಂಗಡಿಯವರು ದಿನಾ ಮಾಡೋ ಕೆಲಸ ಇದು. ಮನೆಯಲ್ಲಿ ನಾವು ಹೊಸದನ್ನು ಮುಂದೆ ಇಟ್ಟುಬಿಡುತ್ತೇವೆ, ಯಾಕೆಂದರೆ ಬಾಗಿಲು ತೆಗೆದರೆ ಮುಂದೆ ಜಾಗ ಇರುತ್ತದೆ. ಹಿಂದಿನದು ಹಿಂದೆಯೇ ಹಳಸುತ್ತದೆ. ಫ್ರಿಜ್‌ನಲ್ಲಂತೂ ಇದು ತುಂಬಾ ಮುಖ್ಯ. ಮಧ್ಯದ ಶೆಲ್ಫ್‌ನಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ, ಇವತ್ತು ನಾಳೆಯೊಳಗೆ ತಿನ್ನಲೇಬೇಕಾದ್ದೆಲ್ಲ ಅದರೊಳಗೆ. ಅಡುಗೆ ಶುರು ಮಾಡೋ ಮುಂಚೆ ಮೊದಲು ಆ ಡಬ್ಬಿ ತೆಗೆಯಬೇಕು. ಏನು ಅಡುಗೆ ಅನ್ನೋದನ್ನು ಆ ಡಬ್ಬಿ ತೀರ್ಮಾನಿಸುತ್ತದೆ.

ಇದು ಸಣ್ಣ ವಿಷಯ ಅಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನ ಪ್ರಕಾರ, 2022ರಲ್ಲಿ ಪ್ರಪಂಚದಲ್ಲಿ 105 ಕೋಟಿ ಟನ್ ಆಹಾರ ಕಸಕ್ಕೆ ಹೋಯಿತು. ಸಿಪ್ಪೆ, ಮೂಳೆಯಂಥ ತಿನ್ನದ ಭಾಗವೂ ಆ ಲೆಕ್ಕದಲ್ಲಿ ಸೇರಿದೆ, ನಿಜ. ಆದರೆ ಅದರಲ್ಲಿ ಸುಮಾರು ಶೇ. 60ರಷ್ಟು ಹೋಗಿದ್ದು ಮನೆಗಳಿಂದ. ಹೋಟೆಲು, ಅಂಗಡಿ ಎಲ್ಲ ಸೇರಿದರೂ ಮನೆಗಿಂತ ಕಡಿಮೆ. ಇದನ್ನು ಓದಿದ ದಿನ ನಮ್ಮ ಕಸದ ಬುಟ್ಟಿಯನ್ನು ನಾನು ಬೇರೆ ಕಣ್ಣಿನಿಂದ ನೋಡಿದೆ.

ಪ್ಯಾಕೆಟ್ ಮೇಲಿನ ತಾರೀಕಿನ ಬಗ್ಗೆ ಒಂದು ಮಾತು. 'ಬೆಸ್ಟ್ ಬಿಫೋರ್' ಬೇರೆ, 'ಯೂಸ್ ಬೈ' ಬೇರೆ. ಮೊದಲನೆಯದು ಗುಣಮಟ್ಟದ ಮಾತು, ಆ ದಿನದವರೆಗೆ ರುಚಿ, ಗರಿಗರಿ, ಪರಿಮಳ ಚೆನ್ನಾಗಿರುತ್ತದೆ ಅಂತ. ಅದು ದಾಟಿದ ಮಾತ್ರಕ್ಕೆ ಒಣ ಪದಾರ್ಥ ಹಾಳು ಅಂತ ಅಲ್ಲ. ಎರಡನೆಯದು ಸುರಕ್ಷತೆಯ ಮಾತು, ಅದನ್ನು ಮೀರಬಾರದು. ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಒಳ್ಳೆಯ ಸಾಮಾನು ಎಸೆಯುತ್ತೇವೆ.

ಈಗ ಅಂಗಡಿಗೆ ಬರೋಣ. ತಳ್ಳುವ ಗಾಡಿ ಇದೆಯಲ್ಲ, ಚಕ್ರದ ಬುಟ್ಟಿ, ಅದಕ್ಕೊಂದು ಕಥೆ ಇದೆ. ಅಮೆರಿಕದ ಓಕ್ಲಹೋಮಾದಲ್ಲಿ ದಿನಸಿ ಅಂಗಡಿಗಳನ್ನು ನಡೆಸುತ್ತಿದ್ದ ಸಿಲ್ವನ್ ಗೋಲ್ಡ್‌ಮನ್ ಅದನ್ನು 1937ರಲ್ಲಿ ತಂದವರು. ಗಿರಾಕಿಗಳ ಕೈಬುಟ್ಟಿ ಭಾರವಾದ ಕೂಡಲೇ ಅವರು ಖರೀದಿ ನಿಲ್ಲಿಸಿಬಿಡುತ್ತಾರೆ ಅನ್ನೋದನ್ನು ಅವರು ಗಮನಿಸಿದ್ದರು. ಭಾರ ಕೈಗೆ ಗೊತ್ತಾಗದ ಹಾಗೆ ಮಾಡಿದರೆ? ಬುಟ್ಟಿಗೆ ಚಕ್ರ ಬಂತು. ಮೊದಮೊದಲು ಜನ ಅದನ್ನು ಮುಟ್ಟಲಿಲ್ಲವಂತೆ. ಕೂಲಿ ಕೊಟ್ಟು ಕೆಲವರನ್ನು ಕರೆಸಿ ಅಂಗಡಿಯೊಳಗೆ ಸುಮ್ನೆ ಗಾಡಿ ತಳ್ಳಿಸಬೇಕಾಯಿತು. ನಾನು ಇದನ್ನು ತಿಳಿದುಕೊಂಡ ಮೇಲೆ ಮತ್ತೆ ಕೈಬುಟ್ಟಿಗೇ ಮರಳಿದೆ. ತಿಂಗಳ ದೊಡ್ಡ ಖರೀದಿಗೆ ಗಾಡಿ ಬೇಕು, ಸರಿ. ಉಳಿದ ದಿನ ನನ್ನ ತೋಳು ಸಾಕು ಅಂದಾಗ ಸಾಕು.

ದೊಡ್ಡ ಪ್ಯಾಕೆಟ್ ಅಂದರೆ ಅಗ್ಗ ಅನ್ನೋ ನಂಬಿಕೆ ನಮ್ಮೊಳಗೆ ಗಟ್ಟಿಯಾಗಿ ಕೂತಿದೆ. ಸಾಮಾನ್ಯವಾಗಿ ನಿಜ, ಯಾವಾಗಲೂ ನಿಜ ಅಲ್ಲ. ಬೆಲೆಯನ್ನು ತೂಕದಿಂದ ಭಾಗಿಸಿ ನೋಡಬೇಕು. ಫೋನಿನಲ್ಲಿ ಕ್ಯಾಲ್ಕುಲೇಟರ್ ಇದೆ, ಹತ್ತು ಸೆಕೆಂಡು ಸಾಕು. ಇನ್ನೊಂದು, ಬೆಲೆ ಬದಲಾಗದೆ ತೂಕ ಇಳಿಯೋದು. 100 ಗ್ರಾಂ ಇದ್ದದ್ದು ಅದೇ ಬೆಲೆಗೆ 90 ಗ್ರಾಂ ಆದರೆ ಹತ್ತು ಶೇಕಡ ತಾನೇ ಅನಿಸುತ್ತದೆ. ಲೆಕ್ಕ ಹಾಕಿದರೆ ಗ್ರಾಂ ಒಂದಕ್ಕೆ ಶೇ. 11ರಷ್ಟು ಜಾಸ್ತಿ ಕೊಟ್ಟಿರುತ್ತೀರಿ. ಡಬ್ಬಿಯ ಆಕಾರ ಹಾಗೇ ಇರುತ್ತದೆ, ತಳ ಮಾತ್ರ ಒಳಕ್ಕೆ ಇನ್ನಷ್ಟು ಗುಳಿ ಬಿದ್ದಿರುತ್ತದೆ. ಬೆರಳು ಹಾಕಿ ನೋಡಿ.

ರಿಯಾಯಿತಿ ಲೆಕ್ಕವೂ ಹೀಗೆಯೇ. ಮೂರು ಕೊಂಡರೆ ಒಂದು ಉಚಿತ ಅಂದರೆ ಅದು ಶೇ. 25 ರಿಯಾಯಿತಿ. 'ಶೇ. 50, ಅದರ ಮೇಲೆ ಮತ್ತೆ ಶೇ. 20' ಅಂದರೆ 70 ಅಲ್ಲ, 60. ಎರಡನೆಯ ಕಡಿತ ಉಳಿದ ಅರ್ಧದ ಮೇಲೆ ಮಾತ್ರ. ಲೆಕ್ಕ ಕಷ್ಟದ್ದಲ್ಲ, ಆದರೆ ಕೆಂಪು ಅಕ್ಷರದ ಬೋರ್ಡು ಎದುರಿಗಿದ್ದಾಗ ತಲೆ ಲೆಕ್ಕ ಮಾಡೋದನ್ನು ಬಿಟ್ಟುಬಿಡುತ್ತದೆ. ಒಂದು ವಸ್ತು ಬೇಕಾಗಿದ್ದು ಒಂದೇ ಆದರೆ ಮೂರು ಕೊಂಡು ನಾಲ್ಕು ತರೋದು ಉಳಿತಾಯ ಹೇಗಾಗುತ್ತದೆ? ನನ್ನ ಕಪಾಟಿನ ಐದು ಟ್ಯೂಬಿನಲ್ಲಿ ಎರಡು ಹಾಗೆ ಬಂದವು.

ನಮ್ಮ ತಲೆ ದುಡ್ಡನ್ನು ಮೊತ್ತವಾಗಿ ನೋಡೋದೇ ಇಲ್ಲ. 1981ರಲ್ಲಿ ಆಮೊಸ್ ಟ್ವರ್ಸ್‌ಕಿ ಮತ್ತು ಡೇನಿಯಲ್ ಕಾಹ್ನಮನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಕ್ಯಾಲ್ಕುಲೇಟರ್ ಕೊಳ್ಳಲು ಹೊರಟಿದ್ದೀರಿ, ಇಪ್ಪತ್ತು ನಿಮಿಷ ದೂರದ ಇನ್ನೊಂದು ಅಂಗಡಿಯಲ್ಲಿ ಅದು ಸ್ವಲ್ಪ ಅಗ್ಗ, ಹೋಗುತ್ತೀರಾ ಅಂತ ಕೇಳಿದರು. ಕ್ಯಾಲ್ಕುಲೇಟರ್ ಬೆಲೆ ಕಡಿಮೆ ಇದ್ದಾಗ ಶೇ. 68 ಜನ ಹೋಗುತ್ತೇವೆ ಅಂದರು. ಬೆಲೆ ಜಾಸ್ತಿ ಇದ್ದಾಗ ಶೇ. 29 ಜನ ಮಾತ್ರ. ಉಳಿಯೋ ಮೊತ್ತ ಎರಡು ಕಡೆಯೂ ಅಷ್ಟೇ, ಹೋಗೋ ದೂರವೂ ಅಷ್ಟೇ. ನನಗೆ ಇದು ತುಂಬಾ ಉಪಯೋಗಕ್ಕೆ ಬಂತು. ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡಿ, ವಾಷಿಂಗ್ ಮೆಷಿನ್ ಕೊಳ್ಳುವಾಗ ಎರಡನೇ ಅಂಗಡಿಯಲ್ಲಿ ವಿಚಾರಿಸದೇ ಬರೋದು ನಾವೆಲ್ಲ ಮಾಡೋ ತಪ್ಪು. ದೊಡ್ಡ ವಸ್ತು ಕೊಳ್ಳೋ ದಿನ ಅರ್ಧ ದಿನ ತಿರುಗಾಡಿದರೆ ವರ್ಷದ ಚಿಲ್ಲರೆ ಚೌಕಾಸಿ ಅದರೊಳಗೆ ಬಂತು. ಸೊಪ್ಪು ಮಾರೋರ ಹತ್ತಿರ ನಾನು ಈಗ ಚೌಕಾಸಿ ಮಾಡೋದಿಲ್ಲ.

ಆನ್‌ಲೈನ್ ಖರೀದಿಗೆ ನಾನು ಮಾಡಿದ್ದು ಒಂದೇ ಕೆಲಸ. ಉಳಿಸಿಟ್ಟಿದ್ದ ಕಾರ್ಡ್ ಸಂಖ್ಯೆಯನ್ನು ಎಲ್ಲ ಕಡೆಯಿಂದ ಅಳಿಸಿದೆ. ಪ್ರತಿ ಸಲ ಎದ್ದು ಹೋಗಿ, ಪರ್ಸ್ ಹುಡುಕಿ, ಹದಿನಾರು ಅಂಕಿ ಒತ್ತಬೇಕು. ಆ ಎರಡು ನಿಮಿಷದಲ್ಲಿ ಎಷ್ಟೋ ಆಸೆಗಳು ತಾವೇ ಇಳಿದು ಹೋಗುತ್ತವೆ. ಕ್ರೆಡಿಟ್ ಕಾರ್ಡಿನ ಬಾಕಿಯ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ತಿಂಗಳಿಗೆ 3 ಶೇಕಡ ಬಡ್ಡಿ ಅಂದರೆ ಚಿಕ್ಕದಾಗಿ ಕೇಳುತ್ತದೆ, ಆದರೆ ಬಡ್ಡಿಯ ಮೇಲೆ ಬಡ್ಡಿ ಸೇರಿ ವರ್ಷಕ್ಕೆ 42 ಶೇಕಡ ದಾಟುತ್ತದೆ. ಕನಿಷ್ಠ ಮೊತ್ತ ಕಟ್ಟಿ ಮುಂದೂಡುತ್ತಾ ಹೋದರೆ, ಮನೆಯಲ್ಲಿ ದೀಪ ಆರಿಸಿ, ಸೋಪಿನ ಚೂರು ಕೂಡಿಸಿ ಉಳಿಸಿದ್ದೆಲ್ಲ ಆ ಒಂದು ತೂತಿನಲ್ಲಿ ಸೋರಿ ಹೋಗುತ್ತದೆ. ಸಾಲ ಇದ್ದರೆ ಮೊದಲು ಅದು. ಬೇರೆ ಎಲ್ಲ ಆಮೇಲೆ.

ದೀಪ ಅಂದೆನಲ್ಲ. ಚಿಕ್ಕವನಿದ್ದಾಗ ಕೋಣೆ ಬಿಟ್ಟು ಬರುವಾಗ ಲೈಟ್ ಆರಿಸದಿದ್ದರೆ ಬೈಗುಳ ಗ್ಯಾರಂಟಿ. ಆಗ ಅದು ಸರಿಯಾಗಿಯೇ ಇತ್ತು. ಆಗಿನದು 60 ವಾಟ್‌ನ ಬಲ್ಬು, ಹದಿನೇಳು ಗಂಟೆ ಉರಿಯುವಷ್ಟರಲ್ಲಿ ಒಂದು ಯೂನಿಟ್ ಮುಗಿಯುತ್ತಿತ್ತು. ಒಂದು ಯೂನಿಟ್ ಅಂದರೆ 1000 ವಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಆಗೋ ಖರ್ಚು. ಈಗಿನ 9 ವಾಟ್‌ನ ಎಲ್‌ಇಡಿ ಅದೇ ಒಂದು ಯೂನಿಟ್‌ನಲ್ಲಿ 111 ಗಂಟೆ ಉರಿಯುತ್ತದೆ. ಆದರೆ 2000 ವಾಟ್‌ನ ಗೀಸರ್ ಕಾಯುತ್ತಿದ್ದರೆ ಅರ್ಧ ಗಂಟೆಗೇ ಒಂದು ಯೂನಿಟ್ ಹೋಯಿತು. ಅಂದರೆ ಗೀಸರ್ ಅರ್ಧ ಗಂಟೆ ಕಾಯಿಸೋದೂ ಎಲ್‌ಇಡಿ ದೀಪವನ್ನು ಹಗಲೂ ರಾತ್ರಿ ನಾಲ್ಕೂವರೆ ದಿನ ಉರಿಸೋದೂ ಒಂದೇ. ಮಕ್ಕಳಿಗೆ ಲೈಟ್ ಆರಿಸೋಕೆ ಹೇಳೋಣ, ಅಭ್ಯಾಸ ಒಳ್ಳೆಯದೇ. ಆದರೆ ಬಿಲ್ ಇಳಿಯಬೇಕಾದರೆ ಬಿಸಿ ಮಾಡೋ, ತಣ್ಣಗೆ ಮಾಡೋ ಯಂತ್ರಗಳ ಕಡೆ ನೋಡಬೇಕು. ಗೀಸರ್, ಇಸ್ತ್ರಿ ಪೆಟ್ಟಿಗೆ, ಹೀಟರ್, ಏಸಿ, ಫ್ರಿಜ್. ಬಟ್ಟೆ ಒಗೆಯೋ ಯಂತ್ರದಲ್ಲೂ ಬಿಸಿನೀರಿನ ಬಟನ್ ಒತ್ತಿದರೆ ಕರೆಂಟಿನ ಬಹುಪಾಲು ಹೋಗೋದು ನೀರು ಕಾಯಿಸೋಕೆ, ಡ್ರಮ್ ತಿರುಗಿಸೋಕೆ ಅಲ್ಲ. ದಿನನಿತ್ಯದ ಬಟ್ಟೆಗೆ ತಣ್ಣೀರು ಸಾಕು.

ಒಲೆಯ ಮುಂದೆಯೂ ಇದೇ. ನೀರು ಕುದಿ ಬಂದ ಮೇಲೆ ಉರಿ ಎಷ್ಟು ದೊಡ್ಡದು ಮಾಡಿದರೂ ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವೇ ನಿಲ್ಲುತ್ತದೆ. ಜಾಸ್ತಿ ಉರಿಯೆಲ್ಲ ಹಬೆಯಾಗಿ ಹೋಗುತ್ತದೆ, ಕಾಳು ಒಂದು ನಿಮಿಷ ಬೇಗ ಬೇಯೋದಿಲ್ಲ. ಕುದಿ ಬಂತಾ, ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ. ಕುಕ್ಕರ್ ಬೇಗ ಬೇಯಿಸೋದು ಯಾಕೆ ಅಂದರೆ ಒಳಗಿನ ಒತ್ತಡದಿಂದ ನೀರು 120 ಡಿಗ್ರಿಯವರೆಗೂ ಕುದಿಯದೆ ಏರುತ್ತದೆ. ಇದು ಶಾಲೆಯಲ್ಲಿ ಎಲ್ಲರೂ ಓದಿದ್ದೇ. ನಾನೂ ಓದಿದ್ದೆ. ಒಲೆಯ ಮುಂದೆ ನಿಂತಾಗ ನೆನಪಿಗೆ ಬಂದಿದ್ದು ಎಷ್ಟೋ ವರ್ಷ ಆದ ಮೇಲೆ.

ಫ್ರಿಜ್ ಬಾಗಿಲಿನ ರಬ್ಬರ್ ಸಡಿಲ ಆಗಿದೆಯಾ ಅಂತ ನೋಡೋಕೆ ಒಂದು ಕಾಗದದ ಚೂರು ಸಾಕು. ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ತಣ್ಣನೆ ಗಾಳಿ ಸೋರುತ್ತಿದೆ. ಮೊದಲು ರಬ್ಬರ್ ಅನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಎಷ್ಟೋ ಸಲ ಜಿಡ್ಡು ಹಿಡಿದಿರುತ್ತದೆ ಅಷ್ಟೇ. ಇನ್ನು ನಲ್ಲಿ. ನಮ್ಮ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ಲೀಟರ್ ಪಾತ್ರೆ ಇಟ್ಟು ನೋಡಿದೆ, ನಾಲ್ಕು ಗಂಟೆಯಲ್ಲಿ ತುಂಬಿತು. ದಿನಕ್ಕೆ ಆರು ಲೀಟರ್, ವರ್ಷಕ್ಕೆ ಎರಡು ಸಾವಿರ ಲೀಟರ್‌ಗೂ ಮೇಲೆ. ಒಳಗಿದ್ದ ಬೆರಳುಗುರಿನಷ್ಟು ರಬ್ಬರ್ ವಾಷರ್ ಸವೆದಿತ್ತು. ಬದಲಾಯಿಸೋಕೆ ಕಾಲು ಗಂಟೆ ಹಿಡಿಯಿತು.

ರಿಪೇರಿಯ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ ಆಗುತ್ತದೆ, ಕ್ಷಮಿಸಿ. ಒಂದು ಬ್ಯಾಗಿನ ಕಥೆ ಮಾತ್ರ ಹೇಳುತ್ತೇನೆ. ಬಟ್ಟೆ ಗಟ್ಟಿ, ಹೊಲಿಗೆ ಗಟ್ಟಿ, ಪಟ್ಟಿಗಳು ಗಟ್ಟಿ. ಜಿಪ್ ಮಾತ್ರ ಎಳೆದರೆ ಹಿಂದಿನಿಂದ ಬಿಚ್ಚಿಕೊಳ್ಳುತ್ತಿತ್ತು. ಎಸೆಯೋಣ ಅಂತ ಬಾಗಿಲ ಬಳಿ ಇಟ್ಟೂ ಆಗಿತ್ತು. ಹೋಗುವಾಗ ಒಮ್ಮೆ ಕೂತು ಬೆಳಕಿಗೆ ಹಿಡಿದು ನೋಡಿದೆ. ಹಲ್ಲುಗಳು ಒಂದೂ ಮುರಿದಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿ? ಹಲ್ಲುಗಳನ್ನು ಕೂಡಿಸೋದು ಮೇಲೆ ಕೆಳಗೆ ಓಡಾಡೋ ಆ ಲೋಹದ ತುಂಡು, ಸ್ಲೈಡರ್. ಸಾವಿರಾರು ಸಲ ಓಡಾಡಿ ಅದರ ಎರಡು ತುಟಿಗಳು ಕೂದಲೆಳೆಯಷ್ಟು ಅಗಲ ಆಗಿರುತ್ತವೆ, ಹಲ್ಲುಗಳನ್ನು ಒತ್ತಿ ಹಿಡಿಯೋ ಬಲ ಹೋಗಿರುತ್ತದೆ. ಸ್ಲೈಡರನ್ನು ಜಿಪ್‌ನ ಶುರುವಿಗೆ ತಂದು, ಇಕ್ಕಳದಿಂದ ಅದರ ಹಿಂಬದಿಯ ಒಂದು ಅಂಚನ್ನು ಮೆಲ್ಲಗೆ ಒತ್ತಿದೆ. ಆಮೇಲೆ ಇನ್ನೊಂದು ಅಂಚು. ಒಂದೇ ಸಲಕ್ಕೆ ಜೋರಾಗಿ ಒತ್ತಬಾರದು, ಸ್ಲೈಡರ್ ಸೀಳುತ್ತದೆ ಇಲ್ಲವೇ ಓಡೋದೇ ನಿಲ್ಲುತ್ತದೆ. ಸ್ವಲ್ಪ ಒತ್ತು, ಎಳೆದು ನೋಡು, ಮತ್ತೆ ಸ್ವಲ್ಪ ಒತ್ತು. ಮೂರನೇ ಸಲಕ್ಕೆ ಹಲ್ಲುಗಳು ಸಾಲಾಗಿ ಕೂಡಿಕೊಂಡವು. ಆ ಶಬ್ದ ಇದೆಯಲ್ಲ, ಸರ್ರನೆ ಒಂದೇ ಸಮ, ಅದನ್ನು ಕೇಳಿದಾಗ ಆದ ಸಂತೋಷ ಹೊಸ ಬ್ಯಾಗ್ ತಂದಾಗ ಆಗಿರಲಿಲ್ಲ. ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿದರೆ ಇನ್ನೂ ನಯವಾಗಿ ಓಡುತ್ತದೆ. ಬ್ಯಾಗ್ ಈಗಲೂ ನನ್ನ ಹೆಗಲ ಮೇಲಿದೆ.

ಆದರೆ ಎಲ್ಲದರಲ್ಲೂ ಅಗ್ಗ ನೋಡಬಾರದು. ಒಮ್ಮೆ ತೀರಾ ಅಗ್ಗದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದಿದ್ದೆ. ಇಸ್ತ್ರಿ ಪೆಟ್ಟಿಗೆ ಹಾಕಿ ಹತ್ತು ನಿಮಿಷಕ್ಕೆ ಸುಟ್ಟ ವಾಸನೆ ಬಂತು, ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಮೆತ್ತಗಾಗಿತ್ತು. ತಂತಿ ತೆಳು ಇದ್ದರೆ ಜಾಸ್ತಿ ಕರೆಂಟ್ ಹರಿದಾಗ ಕಾಯುತ್ತದೆ. ಪಕ್ಕದಲ್ಲೇ ಇದ್ದೆ, ಬಚಾವಾಯಿತು. ಅಂದಿನಿಂದ ವಿದ್ಯುತ್ ಸಾಮಾನು, ಗಾಡಿಯ ಬ್ರೇಕು, ಟೈರು, ಹೆಲ್ಮೆಟ್ಟು, ಔಷಧಿ, ಹಲ್ಲಿನ ಡಾಕ್ಟರು, ಇವುಗಳಲ್ಲಿ ನಾನು ಉಳಿತಾಯದ ಮಾತೇ ಎತ್ತೋದಿಲ್ಲ. ಹಲ್ಲಿನ ಸಣ್ಣ ತೂತನ್ನು ಬೇಗ ತುಂಬಿಸೋದು ದೊಡ್ಡ ಉಳಿತಾಯ. ಕಾಯುತ್ತಾ ಕೂತರೆ ಅದೇ ಬೇರಿನವರೆಗೆ ಇಳಿಯುತ್ತದೆ.

ಜಿಪುಣತನಕ್ಕೂ ಉಳಿತಾಯಕ್ಕೂ ಗೆರೆ ಎಲ್ಲಿ ಅಂತ ನನ್ನನ್ನು ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟೇ: ಆ ಉಳಿತಾಯದ ಬೆಲೆ ಕಟ್ಟೋರು ಯಾರು ಅಂತ ನೋಡಿ. ನಾನು ಎರಡು ನಿಮಿಷ ಜಾಸ್ತಿ ಕೂತು ಜಿಪ್ ಸರಿ ಮಾಡಿದರೆ ಅದನ್ನು ಕಟ್ಟಿದವನು ನಾನೇ. ಮನೆ ಕೆಲಸಕ್ಕೆ ಬರೋರಿಗೆ ಸಂಬಳ ಏರಿಸದೆ ಉಳಿಸಿದರೆ, ಸಾಲ ತೀರಿಸೋದನ್ನು ತಡ ಮಾಡಿ ಉಳಿಸಿದರೆ, ಸ್ನೇಹಿತರ ಜೊತೆ ಊಟಕ್ಕೆ ಹೋಗಿ ಬಿಲ್ ಬಂದಾಗ ಕೈ ತೊಳೆಯೋಕೆ ಎದ್ದು ಹೋದರೆ, ಕಟ್ಟಿದವರು ಬೇರೆ ಯಾರೋ. ಅಂಥ ದುಡ್ಡು ಉಳಿದರೂ ನನಗೆ ಬೇಡ. ಮನೆಯವರ ಮೇಲೆ ಹೇರೋದೂ ಬೇಡ. ಎಲ್ಲರೂ ಕೂತು ಮಾತಾಡಿ ಒಪ್ಪಿದ ಅಭ್ಯಾಸ ಉಳಿಯುತ್ತದೆ, ಒಬ್ಬರು ಕಾವಲು ಕಾಯೋ ಅಭ್ಯಾಸ ಉಳಿಯೋದಿಲ್ಲ.

ಲೆಕ್ಕ ಬರೆಯೋದನ್ನು ನಾನು ಎಲ್ಲಕ್ಕಿಂತ ಕೊನೆಗೆ ಶುರು ಮಾಡಿದೆ. ಜಪಾನಿನ ಪತ್ರಕರ್ತೆ ಹಾನಿ ಮೊತೊಕೊ ಮನೆ ನಡೆಸೋರಿಗೆ ಅಂತಲೇ ಒಂದು ಲೆಕ್ಕದ ಪುಸ್ತಕವನ್ನು 1904ರಲ್ಲಿ ಸಿದ್ಧಪಡಿಸಿದರು. ಅಂಥ ಪುಸ್ತಕಕ್ಕೆ ಅಲ್ಲಿ 'ಕಕೆಬೊ' ಅನ್ನುತ್ತಾರೆ, ಈಗಲೂ ಬಳಕೆಯಲ್ಲಿದೆ. ನನ್ನದು ಅಷ್ಟು ಅಚ್ಚುಕಟ್ಟಾದದ್ದಲ್ಲ. ಒಂದು ಸಣ್ಣ ನೋಟ್‌ಬುಕ್ಕು, ರಾತ್ರಿ ಮಲಗೋ ಮುಂಚೆ ಅವತ್ತು ಖರ್ಚಾಗಿದ್ದನ್ನು ಪೆನ್ನಿನಲ್ಲಿ ಬರೆಯುತ್ತೇನೆ. ಆ್ಯಪ್ ಬಳಸಿ ನೋಡಿದೆ, ಅದು ತಾನೇ ಎಲ್ಲ ಕೂಡಿಸಿ ಬಣ್ಣದ ಚಿತ್ರ ತೋರಿಸುತ್ತದೆ, ಆದರೆ ನಾನು ನೋಡೋದನ್ನೇ ಬಿಟ್ಟೆ. ಕೈಯಲ್ಲಿ ಬರೆಯುವಾಗ ಪ್ರತಿ ಖರ್ಚೂ ಇನ್ನೊಮ್ಮೆ ಕಣ್ಣೆದುರು ಬಂದು ನಿಲ್ಲುತ್ತದೆ. ಕೆಲವದರ ಮುಂದೆ ಸಂತೋಷದಿಂದ ಒಂದು ಟಿಕ್ ಹಾಕುತ್ತೇನೆ. ಪ್ರೀತಿಯಿಂದ ಮಾಡಿದ ಖರ್ಚಿಗೂ ಅಲ್ಲಿ ಜಾಗ ಇದೆ, ಅದಕ್ಕೇ ಅಲ್ವಾ ಬೇರೆ ಕಡೆ ಉಳಿಸೋದು.

ಆ ಐದು ಟ್ಯೂಬಿನಲ್ಲಿ ಕಲ್ಲಾಗಿದ್ದನ್ನು ಅವತ್ತೇ ಎಸೆದಿದ್ದೆ. ಒಂದು ಚಪ್ಪಲಿಯ ಅಟ್ಟೆಗೆ, ಪುಸ್ತಕಗಳ ಬೆನ್ನಿಗೆ ಹೋಯಿತು. ಇನ್ನೊಂದು ಕಪ್ಪಿನ ಹಿಡಿಗೆ, ಆಟಿಕೆಗಳಿಗೆ. ಮೂರನೆಯದನ್ನು ಕಳೆದ ವಾರ ಅಲುಗಾಡುತ್ತಿದ್ದ ಕುರ್ಚಿಯ ಕಾಲಿಗೆ ಕೊನೆಯ ಹನಿಯವರೆಗೂ ಹಿಂಡಿದೆ, ಸಾಲಲಿಲ್ಲ. ಉಳಿದ ಒಂದೇ ಒಂದರ ಮುಚ್ಚಳ ತೆಗೆದು ಕೆಲಸ ಮುಗಿಸಿದೆ. ಕುರ್ಚಿಯನ್ನು ದಾರದಿಂದ ಬಿಗಿಯಾಗಿ ಸುತ್ತಿ ಒಣಗೋಕೆ ಇಟ್ಟು, ಅಡುಗೆಮನೆಗೆ ಹೋಗಿ ಚೀಟಿಯ ಮೇಲೆ ಬರೆದೆ: ಅಂಟು, ಒಂದು.